ಬಿಂದಿಗೆ ಕೂರದ ನಲ್ಲಿ

ಪ್ಲಂಬರ್ ನೂರುಲ್ಲಾ ಸೋಮವಾರ ಬೆಳಗಿನ ಜಾವ ನಿದ್ದೆಯಲ್ಲೇ ತೀರಿಕೊಂಡರು. ಐವತ್ತೆಂಟು ವರ್ಷವಾಗಿತ್ತು. ಮಧ್ಯಾಹ್ನದ ನಮಾಜಿನ ನಂತರ ಮಣ್ಣು ಮಾಡಿದರು. ಅದು ೧೯೮೯ರ ನವೆಂಬರ್ ತಿಂಗಳು.

ಕೊನೆಯ ಸ್ನಾನದ ನೀರನ್ನು ಮಠದಹಳ್ಳಿಯ ಅವರ ಮನೆಯ ನಲ್ಲಿಯಲ್ಲೇ ಹಿಡಿದರು. ಬಿಂದಿಗೆ ಇಟ್ಟರು, ತಿರುಗಿಸಿದರು, ತುಂಬಿತು. ಇದರಲ್ಲೇನು ವಿಶೇಷ ಎಂದು ಹೊರಗಿನವರು ಕೇಳಬಹುದು. ಆ ಬೀದಿಯವರು ಮಾತ್ರ ದುಃಖದ ನಡುವೆಯೂ ನಲ್ಲಿಯನ್ನು ಎರಡೆರಡು ಸಲ ನೋಡಿದರು. ಹದಿನೇಳು ವರ್ಷದಲ್ಲಿ ಆ ನಲ್ಲಿಯ ಕೆಳಗೆ ಬಿಂದಿಗೆ ಕೂತದ್ದನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ.

ಮನೆಯವರನ್ನು ಬಿಟ್ಟರೆ ಕಾರಣ ಗೊತ್ತಿದ್ದದ್ದು ಅಂಗಳದ ಮೂಲೆಯಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ ಜಯಸಿಂಹನಿಗೆ. ಅವನು ನೀರಿನ ಕಚೇರಿಯಲ್ಲಿ ಇನ್ಸ್‌ಪೆಕ್ಟರ್. ಮನೆಗಳಿಗೆ ಹೋಗಿ ಪ್ಲಂಬರುಗಳು ಮಾಡಿದ ತಪ್ಪು ಹುಡುಕುವುದು ಅವನ ಉದ್ಯೋಗ. ಹದಿನಾಲ್ಕು ವರ್ಷದ ಹಿಂದೆ ಅವನು ನೂರುಲ್ಲಾ ಅವರ ತಪ್ಪು ಹುಡುಕಲೆಂದೇ ಹೆಬ್ಬಾಳದ ಒಂದು ಹೊಸ ಮನೆಗೆ ಹೋಗಿದ್ದ.

ಆಗ ಅವನಿಗೆ ಕೆಲಸ ಹೊಸದು, ಜೇಬಿನಲ್ಲಿ ಟೇಪು, ಕಂಕುಳಲ್ಲಿ ನಿಯಮಗಳ ಪುಸ್ತಕ. ನೂರುಲ್ಲಾ ಅವರಿಗೆ ನಲವತ್ನಾಲ್ಕು. ಎತ್ತರದ ಆಳು, ಮಡಚಿದ ಪೈಜಾಮ, ಕಿವಿಯ ಮೇಲೆ ಸಿಕ್ಕಿಸಿದ ಸೀಮೆಸುಣ್ಣ.

"ನಕ್ಷೆ ಎಲ್ರೀ?" ಎಂದ ಜಯಸಿಂಹ.

"ಗೋಡೆ ಒಳಗಿದೆ ಸ್ವಾಮಿ."

"ಗೋಡೆ ಒಳಗಿರೋದು ಪೈಪು. ನಾನು ಕೇಳಿದ್ದು ನಕ್ಷೆ."

"ಪೈಪು ಅಂದ್ರೆ ಮನುಷ್ಯ, ನಕ್ಷೆ ಅಂದ್ರೆ ಅವನ ಫೋಟೋ. ಮನುಷ್ಯನೇ ಮುಂದೆ ನಿಂತಿರೋವಾಗ ಫೋಟೋ ಯಾಕೆ ಕೇಳ್ತೀರಾ?"

ಹಾಗೆಂದವರೇ ಸೀಮೆಸುಣ್ಣ ತೆಗೆದು, ಗಾರೆ ಬಳಿದ ಗೋಡೆಯ ಮೇಲೆ ಒಳಗಿನ ಪೈಪು ಎಲ್ಲೆಲ್ಲಿ ಓಡುತ್ತದೆ, ಎಲ್ಲಿ ಬಾಗುತ್ತದೆ ಎಂದು ಗೆರೆ ಎಳೆದರು. ಜಯಸಿಂಹ ನಂಬಲಿಲ್ಲ. ಒಂದು ತಿರುವಿನ ಮೇಲೆ ಬೆರಳಿಟ್ಟು, "ಇಲ್ಲಿ ಒಡೀರಿ" ಎಂದ. ಒಡೆದರು. ಅವನ ಬೆರಳಿನ ನೇರಕ್ಕೇ ಪೈಪನ್ನು ತಿರುಗಿಸುವ ಎಲ್ಬೋ ಕಾಣಿಸಿತು, ಬಿಲದಿಂದ ಇಲಿ ಮೂತಿ ಚಾಚಿದ ಹಾಗೆ. ಒಡೆದ ಗಾರೆಯನ್ನು ಮೆತ್ತುವಾಗ ಇನ್ಸ್‌ಪೆಕ್ಟರೇ ಗಾರೆಯ ಬಾಂಡಲಿ ಹಿಡಿದುಕೊಂಡ. ಸ್ನೇಹ ಶುರುವಾದದ್ದು ಅಲ್ಲಿ.

ನೂರುಲ್ಲಾ ಅವರ ಮನೆತನವೇ ನೀರಿನದು. ತಂದೆ ಯಲಹಂಕದ ಕಡೆ ಚರ್ಮದ ಚೀಲದಲ್ಲಿ ನೀರು ಹೊತ್ತು ಮನೆಮನೆಗೆ ಹಾಕುತ್ತಿದ್ದ ಭಿಸ್ತಿ. "ನಮ್ಮಪ್ಪ ನೀರನ್ನ ಬೆನ್ನ ಮೇಲೆ ಹೊತ್ತರು. ನಾನು ಬುದ್ಧಿವಂತ, ಗೋಡೆ ಮೇಲೆ ಹೊರಿಸಿದೆ," ಎನ್ನುತ್ತಿದ್ದರು. ಹದಿನಾರನೆಯ ವಯಸ್ಸಿಗೆ ಯಶವಂತಪುರದ ಖಾದರ್ ಬಾಷಾ ಎಂಬ ಮೇಸ್ತ್ರಿಯ ಬಳಿ ಸೇರಿದರು. ಮೇಸ್ತ್ರಿ ಮೊದಲ ವರ್ಷ ಕಲಿಸಿದ್ದು ಒಂದೇ: ನೀರು ಸೋರದ ಹಾಗೆ ಪೈಪಿನ ತುದಿಯ ತಿರುಪಿಗೆ ಸೆಣಬಿನ ನಾರು ಸುತ್ತುವುದು. ಎರಡನೆಯ ವರ್ಷ, ಸುತ್ತಿದ್ದನ್ನು ಬಿಚ್ಚಿ ಇನ್ನೂ ಚೆನ್ನಾಗಿ ಸುತ್ತುವುದು. ಕಚೇರಿಯ ಲೈಸೆನ್ಸ್ ಸಿಕ್ಕಿದ್ದು ನಲವತ್ತನೆಯ ವಯಸ್ಸಿಗೆ. ಆ ಪುಟ್ಟ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಯ ಜೇಬಿನಲ್ಲಿಟ್ಟುಕೊಂಡರೆ, ತೊಟ್ಟಿಯೊಳಗೆ ಇಳಿಯುವಾಗ ಮಾತ್ರ ತೆಗೆದು ಯಾರ ಕೈಗಾದರೂ ಕೊಡುತ್ತಿದ್ದರು. ಲೈಸೆನ್ಸ್ ಇಲ್ಲದವನು ಗೋಡೆಯ ಹೊರಗಿನ ವಾಷರ್ ಬದಲಾಯಿಸಬಹುದು, ಒಳಗಿನ ಪೈಪು ಮುಟ್ಟುವ ಹಾಗಿಲ್ಲ. ಅವರಿಗೆ ಗೋಡೆಯ ಒಳಗಿನದೇ ಪ್ರಪಂಚ.

ಅವರ ಕಿವಿ ವಿಚಿತ್ರವಾಗಿತ್ತು. ನಲ್ಲಿಗೆ ಬೆನ್ನು ತಿರುಗಿಸಿ ಚಹಾ ಕುಡಿಯುತ್ತಾ ಕೂತವರು, ಬಿಂದಿಗೆ ತುಂಬುವ ಸದ್ದು ಕೇಳಿಯೇ "ಸಾಕು, ನಿಲ್ಸಿ" ಎನ್ನುತ್ತಿದ್ದರು. ನಿಲ್ಲಿಸಿ ನೋಡಿದರೆ ನೀರು ಕಂಠಕ್ಕೆ ಸರಿಯಾಗಿ ಬಂದಿರುತ್ತಿತ್ತು, ಒಂದು ಹನಿ ಹೊರಗಿಲ್ಲ.

ಇಂಥ ಕೆಲಸಗಾರನ ಸ್ವಂತ ಮನೆಯ ನಲ್ಲಿ ಬೀದಿಗೆಲ್ಲ ನಗೆಪಾಟಲಾಗಿತ್ತು. ಎಪ್ಪತ್ತೆರಡರ ಮಳೆಗೆ ಮನೆಯೊಳಗೆ ನೀರು ನುಗ್ಗಿತೆಂದು ನೂರುಲ್ಲಾ ಮನೆಯ ನೆಲವನ್ನೂ ಅಂಗಳವನ್ನೂ ಒಂದೂವರೆ ಅಡಿ ಎತ್ತರಿಸಿದರು. ನೆಲ ಮೇಲೆ ಬಂತು, ನಲ್ಲಿ ಇದ್ದಲ್ಲೇ ಉಳಿಯಿತು. ಈಗ ಅದಕ್ಕೂ ನೆಲಕ್ಕೂ ನಡುವೆ ಒಂದು ಗೇಣು. ಬಿಂದಿಗೆ ಕೂರುವುದಿಲ್ಲ. ಹೆಂಡತಿ ಕುಬ್ರಾ ಲೋಟದಲ್ಲಿ ಹಿಡಿದು ಹಿಡಿದು ಬಿಂದಿಗೆಗೆ ಸುರಿಯಬೇಕು.

"ನೋಡಿ ಭಾಯ್," ಎಂದು ಕುಬ್ರಾ ಜಯಸಿಂಹನ ಹತ್ತಿರ ದೂರುತ್ತಿದ್ದರು, "ಊರಿಗೆಲ್ಲಾ ಇವ್ರದ್ದೇ ನಲ್ಲಿ. ನನಗೆ ಮಾತ್ರ ಲೋಟ. ನೀವು ಇನ್ಸ್‌ಪೆಕ್ಟರ್ ಅಲ್ವಾ, ಒಂದು ನೋಟೀಸ್ ಕೊಡಿ ಇವ್ರಿಗೆ."

"ಗೋಡೆ ಒಡೀಬೇಕಾಗುತ್ತೆ ಕುಬ್ರಾ. ನಾಳೆ ಮಾಡ್ತೀನಿ."

"ಆ ನಾಳೆಗೆ ಈಗ ಮೀಸೆ ಬಂದಿದೆ," ಎಂದು ಕುಬ್ರಾ ಲೋಟ ಕುಕ್ಕುತ್ತಿದ್ದರು.

ಆರ್.ಟಿ. ನಗರದ ಅಲಮೇಲು ಅವರ ಪ್ರಕರಣ ನಡೆದದ್ದು ಎಂಬತ್ತಮೂರರಲ್ಲಿ. ಅಲಮೇಲು ಎಂದರೆ ಗಂಡ ತೀರಿಹೋದ ಮೇಲೆ ಒಂದೇ ಕಟ್ಟಡದಲ್ಲಿ ನಾಲ್ಕು ಮನೆ ಕಟ್ಟಿಸಿ, ಒಂದರಲ್ಲಿ ತಾವಿದ್ದು ಮೂರನ್ನು ಬಾಡಿಗೆಗೆ ಕೊಟ್ಟಿದ್ದ ಮಡಿವಂತ ಹೆಂಗಸು. ಆ ಬೇಸಿಗೆಯಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು, ಬಂದರೂ ಮುಕ್ಕಾಲು ಗಂಟೆ. ನಾಲ್ಕು ಮನೆಯ ನಡುವೆ ಜಗಳವಾಗದ ದಿನವಿರಲಿಲ್ಲ.

"ಏನಪ್ಪಾ ನೂರುಲ್ಲಾ," ಎಂದರು ಅಲಮೇಲು ಒಂದು ದಿನ, "ಕಾಸಿಗೆ ಕಾಸು ಸೇರಿಸಿದ ಹಾಗೆ ನೀರು ಸೇರಿಸ್ತೀವಿ. ಕಕ್ಕಸಿನ ಸರಪಳಿ ಒಂದ್ಸಲ ಎಳೆದ್ರೆ ಒಂದು ಬಿಂದಿಗೆ ಹೋಯ್ತು. ಕುಡಿಯೋ ನೀರನ್ನ ಅಲ್ಲಿಗೆ ಸುರಿಯೋದು ಪಾಪ ಅಲ್ವಾ?"

"ಪಾಪಾನೇ ಅಮ್ಮಾವ್ರೇ. ನಮ್ಮ ಮಸೀದೀಲಿ ನಮಾಜಿಗೆ ಮುಂಚೆ ವಜೂ ಮಾಡಿ ಕೈಕಾಲು ತೊಳೆದ ನೀರು ಚರಂಡಿಗೆ ಹೋಗ್ತಿತ್ತು. ಪೈಪು ಹಾಕಿ ತೆಂಗಿನ ಮರಕ್ಕೆ ತಿರುಗಿಸಿದೀನಿ. ನಿಮ್ಮ ಬಚ್ಚಲು ನೀರನ್ನೂ ಹಂಗೇ ತಿರುಗಿಸಬಹುದು."

"ಬಚ್ಚಲು ನೀರು ಮೈಲಿಗೆಯಪ್ಪಾ."

"ಹೋಗೋ ಜಾಗ ಯಾವುದು ಅಮ್ಮಾವ್ರೇ? ಪೂಜೆಮನೆಯೇನಲ್ಲವಲ್ಲ."

ಅಲಮೇಲು ಯೋಚಿಸಿದರು. ಇಬ್ಬರೂ ಜಗುಲಿಯ ಆ ತುದಿ ಈ ತುದಿಗೆ ಕೂತು ನೀರಿನ ವಿಂಗಡಣೆ ಮಾಡಿದರು. ಮಡಿ ನೀರು, ಅಡುಗೆ ನೀರು, ಮುಸುರೆ ನೀರು, ಬಚ್ಚಲು ನೀರು ಎಂದು ಅಲಮೇಲು ನಾಲ್ಕು ಎಣಿಸಿದರು. ನೂರುಲ್ಲಾ ತಮ್ಮ ಕಡೆಯ ಮೂರು ಹೇಳಿದರು: ಒಂದು, ತಾನೂ ಶುದ್ಧವಾಗಿದ್ದು ಬೇರೆಯದನ್ನೂ ಶುದ್ಧಮಾಡುವ ನೀರು; ಎರಡು, ತಾನು ಶುದ್ಧವಾದರೂ ಒಮ್ಮೆ ವಜೂಗೆ ಬಳಸಿದ್ದರಿಂದ ಮತ್ತೆ ವಜೂಗೆ ಬಾರದ ನೀರು; ಮೂರು, ಕೊಳೆ ನೀರು. ಮುಸುರೆ ನೀರಿನಲ್ಲಿ ಅನ್ನದ ಅಗುಳಿರುತ್ತದೆ, ಜಿಡ್ಡಿರುತ್ತದೆ, ಅದು ಬೇಡ, ಬಚ್ಚಲಿನದು ಮಾತ್ರ ಸಾಕು ಎಂದು ಇಬ್ಬರಿಗೂ ಒಪ್ಪಿಗೆಯಾಯಿತು.

"ಪೈಪು ನಾನು ಮುಟ್ಟಿರ್ತೀನಿ ಅಮ್ಮಾವ್ರೇ, ಅದು ನಡೆಯುತ್ತಾ?"

"ಕಬ್ಬಿಣಕ್ಕೆ ಮೈಲಿಗೆ ಇಲ್ಲಪ್ಪಾ."

"ಹಂಗಾದ್ರೆ ನಾನೂ ಕಬ್ಬಿಣದ ಕಡೆಯವನೇ ಅಂದ್ಕೊಳ್ಳಿ," ಎಂದು ನೂರುಲ್ಲಾ ರೆಂಚು ಎತ್ತಿಕೊಂಡರು. ಅಲಮೇಲು ಸೆರಗಿನಲ್ಲಿ ನಗು ಮುಚ್ಚಿಕೊಂಡರು.

ಹಿತ್ತಿಲಲ್ಲಿ ಮೂರು ಗುಂಡಿ ತೋಡಿದರು. ಮೊದಲನೆಯದರಲ್ಲಿ ಜಲ್ಲಿ, ಎರಡನೆಯದರಲ್ಲಿ ಮರಳು, ಮೂರನೆಯದರಲ್ಲಿ ಇದ್ದಿಲು. ಬಚ್ಚಲು ನೀರು ಮೂರನ್ನೂ ದಾಟಿ ಒಂದು ತೊಟ್ಟಿಗೆ ಬೀಳುತ್ತಿತ್ತು, ಅಲ್ಲಿಂದ ಸಣ್ಣ ಮೋಟಾರಿನಲ್ಲಿ ತಾರಸಿಯ ಬೇರೊಂದು ಟ್ಯಾಂಕಿಗೆ, ಅಲ್ಲಿಂದ ಬೇರೊಂದು ಪೈಪಿನಲ್ಲಿ ನಾಲ್ಕೂ ಕಕ್ಕಸುಗಳಿಗೆ, ಮತ್ತೆ ಅಂಗಳ ತೊಳೆಯಲು, ಗಿಡಕ್ಕೆ ಹಾಕಲು ಹೊರಗೊಂದು ನಲ್ಲಿಗೆ. ಒಂದು ತಿಂಗಳಲ್ಲಿ ಜಗಳ ಅರ್ಧಕ್ಕಿಳಿಯಿತು.

ಎರಡನೆಯ ತಿಂಗಳು ಕಚೇರಿಗೆ ಹೆಸರಿಲ್ಲದ ಒಂದು ಕಾಗದ ಬಂತು. 'ಸದರಿ ಕಟ್ಟಡದಲ್ಲಿ ಬಚ್ಚಲು ನೀರನ್ನು ಪುನಃ ಮನೆಯೊಳಗೆ ಬಿಡಲಾಗುತ್ತಿದೆ.' ಅದು ಜಯಸಿಂಹನ ಮೇಜಿಗೇ ಬಂದು ಬಿತ್ತು.

ಅವನು ಪುಸ್ತಕ ಮಗುಚಿದ. ಸರ್ಕಾರದ ಪುಸ್ತಕದಲ್ಲಿ ನೀರು ಎರಡೇ ಬಗೆ: ಮನೆಯೊಳಗೆ ಬರುವುದು, ಮನೆಯಿಂದ ಹೊರಗೆ ಹೋಗುವುದು. ಹೊರಟುಹೋದದ್ದು ಮನಸ್ಸು ಬದಲಾಯಿಸಿ ವಾಪಸು ಬಂದರೆ ಏನು ಮಾಡಬೇಕೆಂದು ಬರೆದಿರಲಿಲ್ಲ. ಮಂಜೂರಾತಿ ಇಲ್ಲದೆ ಪೈಪು ಹಾಕಿದ ಪ್ಲಂಬರಿನ ಲೈಸೆನ್ಸ್ ರದ್ದು ಮಾಡತಕ್ಕದ್ದು ಎಂಬುದನ್ನು ಮಾತ್ರ ಸ್ಪಷ್ಟವಾಗಿ ಬರೆದಿತ್ತು.

"ನೀವು ಜಗುಲೀಲಿ ಕೂತು ಏಳು ಬಗೆ ನೀರು ಎಣಿಸಿದ್ರಿ ಸಾಬ್ರೇ," ಎಂದ ಜಯಸಿಂಹ, "ನಮ್ಮ ಹತ್ರ ಇರೋದೇ ಎರಡು. ನಿಮ್ಮದಕ್ಕೆ ಹೆಸರೇ ಇಲ್ಲ."

"ಹೆಸರಿಡೋದು ನಿಮ್ಮ ಕೆಲಸ ಸ್ವಾಮಿ. ಹೆರೋದು ಮಾತ್ರ ನಮ್ಮದು."

ಜಯಸಿಂಹ ಮೇಲಿನ ಇಂಜಿನಿಯರ್ ಸಾಹೇಬರ ಬಳಿಗೆ ಹೋದ. ಕೆಟ್ಟ ಮನುಷ್ಯನಲ್ಲ, ನೀರಿನ ಕಷ್ಟ ಬಲ್ಲವರು. ಎರಡು ಷರತ್ತು ಹಾಕಿದರು. ಎರಡು ಲೈನೂ ಎಲ್ಲೂ ಒಂದಕ್ಕೊಂದು ಕೂಡಿರಬಾರದು. ಬಳಸಿದ ನೀರಿನ ನಲ್ಲಿ, ಕಣ್ಣಿಗೆ ಕಾಣುವ ಅದರ ಪೈಪು, ಎರಡಕ್ಕೂ ಅಪಾಯದ ಗುರುತಾಗಿ ಹಳದಿ ಬಣ್ಣ ಹೊಡೆದು ಮೇಲೆ ಕೆಂಪು ಪಟ್ಟಿ ಎಳೆದಿರಬೇಕು, ಗೊತ್ತಿಲ್ಲದವನು ಕುಡಿದುಬಿಡಬಾರದು. ದಸರೆ ಮುಗಿದ ಮೇಲೆ ತಾವೇ ಬಂದು ನೋಡುವುದಾಗಿಯೂ, ಸರಿ ಇದ್ದರೆ ಮಂಜೂರು, ಇಲ್ಲದಿದ್ದರೆ ಲೈನಿಗೆ ಸೀಲು, ಲೈಸೆನ್ಸ್ ವಾಪಸು ಎಂದೂ ಹೇಳಿದರು.

ಹಳದಿ ಬಳಿದು ಕೆಂಪು ಎಳೆದಾಗ ಅಲಮೇಲು ಹೊರಗೆ ಬಂದು ನೋಡಿ, "ಲಕ್ಷಣವಾಗಿದೆಯಪ್ಪಾ," ಎಂದರು. ಆ ಮಾತಿಗೆ ಎಲ್ಲರೂ ಎಚ್ಚರವಾಗಬೇಕಿತ್ತು. ಯಾರೂ ಆಗಲಿಲ್ಲ.

ವಿಜಯದಶಮಿಯ ಮರುದಿನ ಬೆಳಿಗ್ಗೆ ನೂರುಲ್ಲಾ ಸಾಹೇಬರಿಗಿಂತ ಒಂದು ಗಂಟೆ ಮುಂಚೆ ಹೋದರು. ಗೇಟಿನ ಒಳಗೆ ಕಾಲಿಟ್ಟವರು ಅಲ್ಲೇ ನಿಂತರು. ಕಟ್ಟಡದ ಹನ್ನೆರಡು ನಲ್ಲಿಗಳೂ ಹಳದಿ. ಹನ್ನೆರಡರ ಮೇಲೂ ಕೆಂಪು. ಗೋಡೆಯ ಮೇಲೆ ಕಾಣುವ ಪೈಪುಗಳಿಗೂ ಅಷ್ಟೇ, ಕೈ ನಿಲುಕುವಷ್ಟು ಎತ್ತರಕ್ಕೆ ಅರಿಶಿನ, ಗೇಣಿಗೊಂದು ಕುಂಕುಮದ ಪಟ್ಟಿ.

ಮಾಡಿದವರು ಕೆಳಮನೆಯ ಬಾಡಿಗೆದಾರ ಮುನಿಕೃಷ್ಣಪ್ಪ. ಕೊಡಿಗೇಹಳ್ಳಿಯವರು, ಕಾರ್ಖಾನೆಯಲ್ಲಿ ಮೆಷೀನ್ ನಡೆಸುವವರು. ಅವರಿಗೆ ವರ್ಷಕ್ಕೆ ಒಂದೇ ಹಬ್ಬ, ಆಯುಧಪೂಜೆ.

"ಏನ್ ಮುನಿಕೃಷ್ಣಪ್ಪನವರೇ, ನಲ್ಲಿಗೂ ಪೂಜೆನಾ?"

"ದಿನಾ ಕೈಯಾಗೆ ಇಡಿಯೋದೆಲ್ಲಾ ಆಯುಧವೇ ಸಾಬ್ರೇ. ಮಿಸೀನ್‌ಗೆ ಮಾಡ್ತೀವಿ, ಸೈಕಲ್‌ಗೆ ಮಾಡ್ತೀವಿ. ನೀರು ಕೊಡೋ ನಲ್ಲಿ ಏನ್ ಪಾಪ ಮಾಡೈತೆ?"

"ಎಲ್ಲಾದಕ್ಕೂ ಹಚ್ಚಬೇಕಿತ್ತಾ?"

"ನೀವು ಒಂದಕ್ಕೆ ಮಾತ್ರ ಅರಿಶಿನ ಕುಂಕುಮದ ಬಣ್ಣ ಮಾಡಿದ್ರಲ್ಲಾ, ನೋಡೋಕೆ ಮುತ್ತೈದೆ ಇದ್ದಂಗಿತ್ತು. ಉಳಿದವು ಬೋಳುಬೋಳು. ಬೇಜಾರಾಯ್ತು. ಅದುಕ್ಕೇ ಎಲ್ಲಾವ್ನೂ ಒಂದೇ ತರ ಮಾಡ್ಬುಟ್ಟೆ."

ನೂರುಲ್ಲಾ ಚೀಲದಿಂದ ಬಟ್ಟೆ ತೆಗೆದು ಒಂದು ನಲ್ಲಿಯ ಹತ್ತಿರ ಬಗ್ಗಿದರು. ಒಳಗಿನಿಂದ ಅಲಮೇಲು ಕಂಡರು.

"ಪೂಜೆ ಮಾಡಿದ್ದನ್ನ ಹಬ್ಬದ ಮರುದಿನವೇ ಅಳಿಸ್ತಾರೇನಪ್ಪಾ? ಅಪಶಕುನ ಅಲ್ವಾ?"

ತಮ್ಮ ಮನೆಯದಾಗಿದ್ದರೆ ಅಳಿಸುತ್ತಿದ್ದರೋ ಏನೋ. ಬೇರೆಯವರ ಪೂಜೆಯ ಮೇಲೆ ಬಟ್ಟೆ ಆಡಿಸಲು ನೂರುಲ್ಲಾ ಅವರ ಕೈ ಏಳಲಿಲ್ಲ. ಬಟ್ಟೆ ಮಡಚಿ ಚೀಲಕ್ಕೆ ಹಾಕಿಕೊಂಡು ಜೀಪಿನ ದಾರಿ ನೋಡುತ್ತಾ ನಿಂತರು.

ಜೀಪಿನಿಂದ ಸಾಹೇಬರು ಇಳಿಯುವ ಹೊತ್ತಿಗೆ ಮುನಿಕೃಷ್ಣಪ್ಪ ತಟ್ಟೆ ಹಿಡಿದು ಸಿದ್ಧವಾಗಿದ್ದರು. ಕಡ್ಲೆಪುರಿ, ಎರಡು ಬೂಂದಿ ಉಂಡೆ. ಹಬ್ಬದ ಪ್ರಸಾದ, ಬೇಡ ಎನ್ನುವ ಹಾಗಿಲ್ಲ. ಸಾಹೇಬರು ತಿಂದರು. ಕೈ ಅಂಟಾಯಿತು. ಜಯಸಿಂಹ ಕಾಗದ ಬಿಡಿಸುತ್ತಿದ್ದ, ನೂರುಲ್ಲಾ ತಾರಸಿಯ ಏಣಿ ಹಿಡಿದಿದ್ದರು. ಅಷ್ಟರಲ್ಲಿ ಸಾಹೇಬರು ಅಂಗಳದ ಹತ್ತಿರದ ನಲ್ಲಿಗೆ ಹೋಗಿ ಕೈ ತೊಳೆದು, ಬೊಗಸೆ ಒಡ್ಡಿ ಬಾಯಿ ಮುಕ್ಕಳಿಸಿದರು. ಎರಡನೆಯ ಬೊಗಸೆಗೆ ನಿಂತು ಮೂಸಿ ನೋಡಿದರು.

"ಜಯಸಿಂಹ, ಈ ನೀರು ಸೀಗೇಕಾಯಿ ವಾಸನೆ ಹೊಡೀತಿದೆಯಲ್ರೀ."

ಮುನಿಕೃಷ್ಣಪ್ಪ ಸಹಾಯಕ್ಕೆ ಬಂದರು.

"ಅಬ್ಬಕ್ಕೆ ನಾಕು ಮನೆಯವ್ರೂ ತಲೆಗೆ ನೀರು ಆಕ್ಕಂಡವ್ರೆ ಸಾ. ಅದುಕ್ಕೇ."

ಸಾಹೇಬರು ಕರವಸ್ತ್ರ ತೆಗೆದು ಬಹಳ ಹೊತ್ತು ಬಾಯಿ ಒರೆಸಿಕೊಂಡರು. ಆಮೇಲೂ ಪರೀಕ್ಷೆಯನ್ನು ಬಿಡಲಿಲ್ಲ, ಅದು ಅವರ ದೊಡ್ಡತನ. ನೂರುಲ್ಲಾ ಬಟ್ಟೆಗೆ ಹಾಕುವ ನೀಲಿಯನ್ನು ತಾರಸಿಯ ಎರಡನೆಯ ಟ್ಯಾಂಕಿಗೆ ಕಲಸಿ, ಎಲ್ಲ ನಲ್ಲಿಗಳನ್ನೂ ಬಿಟ್ಟು, ಸರಪಳಿಗಳನ್ನು ಎಳೆದು ತೋರಿಸಿದರು. ಕಕ್ಕಸುಗಳಲ್ಲೂ ಅಂಗಳದ ಆ ಒಂದು ನಲ್ಲಿಯಲ್ಲೂ ನೀಲಿ ಬಂತು. ಬೇರೆ ಎಲ್ಲೂ ಹನಿ ನೀಲಿ ಇಲ್ಲ.

"ಲೈನು ಕೂಡಿಲ್ಲ, ಒಪ್ಪಿದೆ," ಎಂದರು ಸಾಹೇಬರು. "ಆದರೆ ನಿಯಮ ಬರೆದವನೇ ಮೋಸ ಹೋದೆನಲ್ಲ. ಅರಿಶಿನದಲ್ಲಿ ಮುಚ್ಚಿಹೋಗೋ ಗುರುತು ಗುರುತೇ ಅಲ್ಲ. ಒಂದು ವಾರ ಕೊಡ್ತೀನಿ. ಯಾವ ಹಬ್ಬ ಬಂದ್ರೂ ಅಳಿಯದ ಗುರುತು ತೋರಿಸಿ. ಇಲ್ಲಾಂದ್ರೆ ಸೀಲು. ಅಲ್ಲೀವರೆಗೆ ಲೈಸೆನ್ಸ್ ಇನ್ಸ್‌ಪೆಕ್ಟರ್ ಕೈಯಲ್ಲಿರಲಿ."

ನೂರುಲ್ಲಾ ಎದೆಯ ಜೇಬಿನಿಂದ ಪುಸ್ತಕ ತೆಗೆದು ಜಯಸಿಂಹನ ಕೈಗೆ ಕೊಟ್ಟರು. "ತೊಟ್ಟಿಗೆ ಇಳೀತಿದೀನಿ ಅಂದ್ಕೊಳ್ಳಿ ಸ್ವಾಮಿ, ನೆನೆಯದ ಹಾಗೆ ಇಟ್ಕೊಂಡಿರಿ," ಎಂದರು. ನಗಿಸಲು ಹೇಳಿದ ಮಾತು. ಜಯಸಿಂಹನಿಗೆ ನಗು ಬರಲಿಲ್ಲ. ಪ್ಲಾಸ್ಟಿಕ್ಕಿನ ಒಳಗಿನ ಫೋಟೋದಲ್ಲಿ ನಲವತ್ತರ ನೂರುಲ್ಲಾ, ಕ್ಯಾಮೆರಾ ಹಿಡಿದವನೇ ಇನ್ಸ್‌ಪೆಕ್ಟರ್ ಎಂಬಂತೆ ಉಸಿರು ಬಿಗಿಹಿಡಿದಿದ್ದರು.

ನಾಲ್ಕು ದಿನ ಕಳೆಯಿತು. ಕಪ್ಪು ಬಣ್ಣ ಎಂದುಕೊಂಡರು, ಅದಕ್ಕೂ ಅರಿಶಿನ ಹತ್ತುತ್ತದೆ. ಬೋರ್ಡು ಎಂದುಕೊಂಡರು, ಓದು ಬಾರದವರಿದ್ದರು. ಐದನೆಯ ದಿನ ಸಂಜೆ ಜಯಸಿಂಹ ಮಠದಹಳ್ಳಿಗೆ ಹೋದಾಗ ನೂರುಲ್ಲಾ ಅಂಗಳದ ಕಲ್ಲಿನ ಮೇಲೆ ಕೈಕಟ್ಟಿ ಕೂತಿದ್ದರು. ಕೆಲಸವಿಲ್ಲದ ಅವರ ಕೈಗಳು ಬೇರೆ ಯಾರದ್ದೋ ಎನ್ನುವ ಹಾಗಿದ್ದವು. ಕುಬ್ರಾ ಲೋಟದಲ್ಲಿ ನೀರು ಹಿಡಿಯುತ್ತಿದ್ದರು.

"ಬಣ್ಣ, ಬಣ್ಣ, ಬಣ್ಣ," ಎಂದರು ಕುಬ್ರಾ. "ನಾಲ್ಕು ದಿನದಿಂದ ಅದೇ. ನೋಡಿ ಭಾಯ್, ನಮ್ಮನೆ ನಲ್ಲಿಗೆ ಯಾವ ಬಣ್ಣ ಇದೆ? ಆದ್ರೂ ಬೀದಿಯ ಒಬ್ಬ ಹೆಂಗಸು ಇಲ್ಲಿ ನೀರಿಗೆ ಬರ್ತಾಳಾ? ಕೇಳಿ. ಬಿಂದಿಗೆ ಕೂರದ ನಲ್ಲಿಗೆ ಯಾರು ಬರ್ತಾರೆ, ನನ್ನಂಥ ತಲೆಕೆಟ್ಟವಳನ್ನ ಬಿಟ್ಟು."

ಜಯಸಿಂಹ ನೂರುಲ್ಲಾ ಕಡೆ ನೋಡಿದ. ನೂರುಲ್ಲಾ ನಲ್ಲಿಯ ಕಡೆ ನೋಡುತ್ತಿದ್ದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನೋಡಿದ ಹಾಗೆ.

"ಕುಬ್ರಾ," ಎಂದರು ನಿಧಾನವಾಗಿ, "ಇನ್ನೊಂದ್ಸಲ ಬೈಯಿ."

ಗಡುವಿನ ದಿನ ಸಾಹೇಬರು ಬಂದಾಗ ಅಂಗಳದ ನಲ್ಲಿ ಕೆಳಗಿಳಿದಿತ್ತು. ನೆಲಕ್ಕೂ ಅದಕ್ಕೂ ಒಂದು ಗೇಣು. ಮೂತಿಗೆ ಗಿಡಕ್ಕೆ ನೀರು ಬಿಡುವ ರಬ್ಬರ್ ಟ್ಯೂಬು ಸಿಕ್ಕಿಸುವ ಏರ್ಪಾಟು. ಬಣ್ಣವಿಲ್ಲ, ಬರಹವಿಲ್ಲ. ನೂರುಲ್ಲಾ ಅಲಮೇಲು ಅವರ ಬಿಂದಿಗೆ ತೋರಿಸಿ, "ನಾನು ಮುಟ್ಟಲ್ಲ, ತಾವೇ ಇಟ್ಟು ನೋಡಿ ಸಾರ್," ಎಂದರು.

ಬಿಂದಿಗೆ ಕೂರಲಿಲ್ಲ. ಓರೆ ಮಾಡಿದರು, ಕೂರಲಿಲ್ಲ. ಮುಕ್ಕಳಿಸಬಹುದೇ ಎಂದು ಸಾಹೇಬರು ಪ್ಯಾಂಟು ಎತ್ತಿ ಬಗ್ಗಿದರು, ಸೊಂಟ ಹಿಡಿದು ಮೇಲೆದ್ದರು.

"ಲೋಟ ಹೋಗುತ್ತಲ್ರೀ."

"ಹೋಗುತ್ತೆ ಸಾರ್. ಲೋಟದಲ್ಲಿ ಸಂಸಾರ ಮಾಡೋಕೆ ಆಗಲ್ಲ. ಬೇಕಾದ್ರೆ ನಮ್ಮನೆಯವಳನ್ನ ಕೇಳಿ, ಹನ್ನೊಂದು ವರ್ಷದ ಅನುಭವ."

"ಲೋಟವೂ ಹೋಗಬಾರದು. ಗೇಣ್ ಬೇಡ."

"ಚೋಟು ಮಾಡೋಣ."

"ಪುಟ್ಟ ಲೋಟ ಹೋಗುತ್ತೆ."

"ನಾಲ್ಕು ಬೆರಳು. ಅದಕ್ಕಿಂತ ಇಳಿದ್ರೆ ನಲ್ಲಿ ನೆಲದೊಳಗೆ ಹೋಗುತ್ತೆ ಸಾರ್. ಕಪ್ಪೆ ಬೇಕಾದ್ರೆ ಕುಡೀಬಹುದು."

ಸಾಹೇಬರು ಕೊನೆಗೂ ನಕ್ಕರು. ಜಯಸಿಂಹ ಅಲ್ಲೇ ಜಗುಲಿಯ ಮೇಲೆ ಕೂತು ಮಂಜೂರಾತಿ ಬರೆದ: 'ಬಳಸಿದ ನೀರಿನ ನಲ್ಲಿಯು ನೆಲದಿಂದ ನಾಲ್ಕು ಬೆರಳಿಗಿಂತ ಎತ್ತರದಲ್ಲಿರಕೂಡದು.' ಸಾಹೇಬರು ಬೆರಳು ಎಂಬುದನ್ನು ಹೊಡೆದು 'ಮೂರು ಅಂಗುಲ' ಎಂದು ತಿದ್ದಿ ರುಜು ಹಾಕಿದರು. ಜಯಸಿಂಹ ಲೈಸೆನ್ಸ್ ಪುಸ್ತಕವನ್ನು ವಾಪಸು ಕೊಟ್ಟ. ನೂರುಲ್ಲಾ ಅದನ್ನು ಬಿಚ್ಚಿ ಒಳಗಿನ ಫೋಟೋ ನೋಡಿ, "ಒಂದು ವಾರದಲ್ಲಿ ಇವನಿಗೆ ವಯಸ್ಸಾಗಿಬಿಟ್ಟಿದೆ ಸ್ವಾಮಿ," ಎಂದರು.

ಆಮೇಲಿನ ಆರು ವರ್ಷದಲ್ಲಿ ಸಹಕಾರನಗರದಲ್ಲಿ, ಯಲಹಂಕದಲ್ಲಿ ಎಲ್ಲ ಸೇರಿ ಹನ್ನೊಂದು ಕಟ್ಟಡಗಳಿಗೆ ಅವರು ಅಂಥ ಎರಡನೆಯ ಲೈನು ಹಾಕಿದರು. ಎಲ್ಲಾ ಕಡೆ ನಲ್ಲಿ ನೆಲಕ್ಕಂಟಿಕೊಂಡೇ ಇತ್ತು. ಹೊಸ ಗಿರಾಕಿಗೆ ನಂಬಿಕೆ ಬರದಿದ್ದರೆ ಮಠದಹಳ್ಳಿಗೆ ಕರೆತಂದು ತಮ್ಮ ಅಂಗಳದ ನಲ್ಲಿ ತೋರಿಸುತ್ತಿದ್ದರು. ಈಗ ಅದನ್ನು ಎತ್ತರಿಸುವ ಮಾತೇ ಇರಲಿಲ್ಲ.

"ಅದು ಸ್ಯಾಂಪಲ್ಲು ಕುಬ್ರಾ. ನಿಯಮ ಹುಟ್ಟಿದ್ದೇ ಅಲ್ಲಿ."

"ನನ್ನ ಸೊಂಟವೂ ಸ್ಯಾಂಪಲ್ಲಾ? ಅದನ್ನೂ ತೋರ್ಸಿ ನಿಮ್ಮ ಗಿರಾಕಿಗೆ."

ಎಂಬತ್ತೊಂಬತ್ತರ ಮಳೆಗಾಲದಿಂದ ನೂರುಲ್ಲಾ ತಾರಸಿ ಹತ್ತುವುದನ್ನು ಬಿಟ್ಟಿದ್ದರು. ಎರಡು ಮೆಟ್ಟಿಲಿಗೆ ಒಮ್ಮೆ ನಿಂತು, ಪೈಪಿನ ಸದ್ದು ಕೇಳುವವರ ಹಾಗೆ ಗೋಡೆಗೆ ಕೈ ಊರುತ್ತಿದ್ದರು. ಉಸಿರಿಗಾಗಿ ನಿಂತದ್ದೆಂದು ಜಯಸಿಂಹನಿಗೆ ಗೊತ್ತಾಗುತ್ತಿತ್ತು, ಕೇಳುತ್ತಿರಲಿಲ್ಲ.

ಆ ಸೋಮವಾರದ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ಬಂದು ಹೋಗಿ ಎಂದು ಜಯಸಿಂಹನಿಗೆ ಹೇಳಿ ಕಳಿಸಿದರು. ಕುಬ್ರಾ ಹುಣಸಮಾರನಹಳ್ಳಿಗೆ ಯಾರದ್ದೋ ಮದುವೆಗೆ ಹೋಗಿದ್ದರು. ಅಂಗಳದಲ್ಲಿ ಎರಡು ಎಲ್ಬೋ, ಒಂದು ತುಂಡು ಪೈಪು, ಸೆಣಬಿನ ನಾರು, ಎರಡು ರೆಂಚು, ಕುಬ್ರಾ ಅವರ ಹಿತ್ತಾಳೆಯ ಬಿಂದಿಗೆ ಸಾಲಾಗಿ ಇದ್ದವು.

"ಒಂದು ರೆಂಚು ನೀವು ಹಿಡೀರಿ ಸ್ವಾಮಿ. ಇವತ್ತು ಇನ್ಸ್‌ಪೆಕ್ಟರೇ ಕೈಯಾಳು."

"ಗೋಡೆ ಒಡೀಬೇಕು ಅಂತಿದ್ರಲ್ಲ ಸಾಬ್ರೇ?"

"ಅದು ಮೊದಲ ಹನ್ನೊಂದು ವರ್ಷದ ಸುಳ್ಳು. ಆಮೇಲಿನ ಆರು ವರ್ಷ ಸ್ಯಾಂಪಲ್ಲು ಅಂದಿದ್ದು ಮಾತ್ರ ನಿಜ." ನಾರು ಸುತ್ತುತ್ತಾ ನಕ್ಕರು. "ಸ್ಯಾಂಪಲ್ ಇನ್ನು ಸಾಕು. ಹನ್ನೊಂದು ಕಡೆ ಇದೆಯಲ್ಲ."

ಕೆಲಸ ಒಂದು ಗಂಟೆಯದು. ನೂರುಲ್ಲಾ ನಡುನಡುವೆ ಕಲ್ಲಿನ ಮೇಲೆ ಕೂತದ್ದರಿಂದ ಮೂರು ಗಂಟೆಯಾಯಿತು. ಜಯಸಿಂಹ ಸುತ್ತಿದ ನಾರನ್ನು ಬಿಚ್ಚಿಸಿ, ಇನ್ನೂ ಚೆನ್ನಾಗಿ ಸುತ್ತಿಸಿದರು. ಎತ್ತರಕ್ಕೆ ಟೇಪು ಬೇಡವೆಂದರು. ಬಿಂದಿಗೆಯನ್ನೇ ಇಟ್ಟು, ಅದರ ಬಾಯಿಯ ಮೇಲೆ ನಾಲ್ಕು ಬೆರಳು ಅಡ್ಡ ಇಟ್ಟು, "ಇಲ್ಲಿಗೆ" ಎಂದರು.

ಸಂಜೆ ಕುಬ್ರಾ ಮದುವೆ ಮನೆಯ ಸೀರೆಯಲ್ಲೇ ಅಂಗಳಕ್ಕೆ ಬಂದು ನಿಂತರು. ನಲ್ಲಿ ನೋಡಿದರು. ಗಂಡನನ್ನು ನೋಡಿದರು. ಮಸಿ ಹತ್ತಿದ ಅಂಗಿಯಲ್ಲಿದ್ದ ಜಯಸಿಂಹನನ್ನು ನೋಡಿದರು.

"ನೋಟೀಸ್ ಕೊಟ್ರಾ ಭಾಯ್?"

"ಕೊಡಲಿಲ್ಲಮ್ಮ. ಅವರಾಗೇ ಮಾಡಿದ್ರು."

"ಹದಿನೇಳು ವರ್ಷಕ್ಕೆ ಒಂದು ಎಲ್ಬೋ," ಎಂದರು ಕುಬ್ರಾ.

"ಎರಡು," ಎಂದರು ನೂರುಲ್ಲಾ. "ಇಟ್ಟು ನೋಡು."

ಕುಬ್ರಾ ಬಿಂದಿಗೆ ಇಟ್ಟರು. ಕೂತಿತು. ನಲ್ಲಿ ತಿರುಗಿಸಿದರು. ನೂರುಲ್ಲಾ ಅದಕ್ಕೆ ಬೆನ್ನು ತಿರುಗಿಸಿ ಪಕ್ಕದ ಕಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿದರು. ತಳದಲ್ಲಿ ದಪ್ಪಗಿದ್ದ ಸದ್ದು ಮೇಲೇರುತ್ತಾ ಸಣ್ಣಗಾಯಿತು.

"ಸಾಕು, ನಿಲ್ಸು," ಎಂದರು.

ಕುಬ್ರಾ ನಿಲ್ಲಿಸಲಿಲ್ಲ. ಏನು ಮಾಡುತ್ತಾರೆ ನೋಡೋಣ ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

ನೂರುಲ್ಲಾ ತಿರುಗಿಯೂ ನೋಡದೆ, ಬಲಗೈಯನ್ನು ಹಿಂದಕ್ಕೆ ಚಾಚಿ, ಹೊಸ ಎತ್ತರದಲ್ಲಿ ನಲ್ಲಿಯನ್ನು ಹುಡುಕಿ ಹಿಡಿದು, ಬಿಂದಿಗೆಯ ನೀರು ಕಂಠ ಮುಟ್ಟುವ ಹೊತ್ತಿಗೆ ಸರಿಯಾಗಿ ತಾವೇ ನಿಲ್ಲಿಸಿದರು.